ಒಪ್ಪವಿಡುವ ಕೆಲಸ

(ಬಾನುಲಿ ಭಾಷಣ)

ಒಪ್ಪ ಎಂಬುದು ಕನ್ನಡದ ಹಳೆಯ ಮಾತುಗಳಲ್ಲಿ ಒಂದು. ಹೊಳಪು, ಮೆರುಗು, ಅಂದ ಎಂದು ಅದಕ್ಕೆ ಅರ್ಥ. ಮಣಿಗೆ ಒಪ್ಪವಿಡುವುದು, ಕನ್ನಡಿಗೆ ಒಪ್ಪವಿಡುವುದು ಎಂದು ನಮ್ಮ ಹಿಂದಿನವರು ಹೇಳುತ್ತಿದ್ದರು. ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡವರನ್ನು ಕುರಿತು ಒಪ್ಪ ಓರಣ ಬಲ್ಲವರು ಎಂದು ಇಂದಿಗೂ ಹೇಳುತ್ತೇವೆ. ಈ ಒಪ್ಪದ ಪಕ್ಕದಲ್ಲಿಯೇ ಒಪ್ಪು ಎಂಬ ಕ್ರಿಯಾಪದವಿದೆ: ಸಮ್ಮತಿಸು, ಹೊಂದಿಕೆಯಾಗು, ತಕ್ಕುದೆನಿಸು. ಕಿಟ್ಟೆಲರು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದ ನಿಘಂಟಿನಲ್ಲಿ ಈ ಎರಡು ಮಾತುಗಳೂ ನೆರೆಹೊರೆಯವರಂತೆ ಕುಳಿತಿವೆ. ಹೊಳಪಿಗೂ ಹೊಂದಿಕೆಗೂ ನಂಟಿದೆ ಎಂದು ತರಗತಿಯಲ್ಲಿ ಹೇಳುವುದು ಸುಲಭ. ಆ ನಂಟನ್ನು ಕೈಯಿಂದ ಮುಟ್ಟಿ ತಿಳಿಯುವ ಅವಕಾಶ ನನಗೆ ಬಂದದ್ದು ನಿವೃತ್ತಿಯ ತರುವಾಯ, ಎಲೆಕ್ಟ್ರಿಕ್ ಗಿಟಾರೊಂದರ ಮುಖಕ್ಕೆ ಮನೆಯಲ್ಲಿಯೇ ಕುಳಿತು ಹೊಸ ಒಪ್ಪವಿಟ್ಟಾಗ.

ಕನ್ನಡದ ಅಧ್ಯಾಪಕನಿಗೂ ಎಲೆಕ್ಟ್ರಿಕ್ ಗಿಟಾರಿಗೂ ಎಲ್ಲಿಯ ಸಂಬಂಧವೆಂದು ಕೇಳುಗರಿಗೆ ತೋರಬಹುದು. ಸಂಬಂಧ ಮರದ ಮೂಲಕ ಬಂದದ್ದು. ಕಾರ್ಕಳದಲ್ಲಿರುವ ನಮ್ಮ ಹಳೆಯ ಮನೆಯ ಬಾಗಿಲುಗಳನ್ನು ಸರಿಪಡಿಸಲು ಬಂದ ವೃದ್ಧ ಆಚಾರಿಯೊಬ್ಬರ ಬಳಿ ಎರಡು ತಿಂಗಳು ಕುಳಿತು ಉಳಿ, ತೋಪಡಗಳನ್ನು ಹಿಡಿಯುವುದನ್ನು ಕಲಿತಿದ್ದೆ. ಅದನ್ನು ತಿಳಿದಿದ್ದ ಕಾಪುವಿನ ಸ್ನೇಹಿತರೊಬ್ಬರು ತಮ್ಮ ಗಿಟಾರನ್ನು ನನ್ನಲ್ಲಿಗೆ ಕಳುಹಿಸಿದರು. ಅವರು ೧೯೮೦ರ ದಶಕದಲ್ಲಿ ನಮ್ಮ ಕರಾವಳಿಯ ಊರೂರುಗಳಲ್ಲಿ ನಡೆಯುತ್ತಿದ್ದ ರಸಮಂಜರಿ ಕಾರ್ಯಕ್ರಮಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ ಗಿಟಾರು ನುಡಿಸಿ ಬದುಕಿದವರು. ವಾದ್ಯ ಆಗಿನ ಕಲಕತ್ತೆಯಲ್ಲಿ ತಯಾರಾದದ್ದು. ಒಂದು ಗೋಷ್ಠಿಯವರು ವೇದಿಕೆಯ ಮೇಲೆ ಎಲ್ಲ ವಾದ್ಯಗಳೂ ಒಂದೇ ಬಣ್ಣದಲ್ಲಿ ಕಾಣಬೇಕೆಂದು ಅದಕ್ಕೆ ಕಪ್ಪು ಎನಾಮಲ್ ಬಣ್ಣವನ್ನು ದಪ್ಪವಾಗಿ ಬಳಿಸಿದ್ದರು. ಕಡಲ ಗಾಳಿಗೆ ಅದು ಅಲ್ಲಲ್ಲಿ ಸಿಡಿದು ಹಕ್ಕಳೆಯೆದ್ದಿತ್ತು. ಪಾರ್ಶ್ವವಾಯು ಬಡಿದ ಮೇಲೆ ಸ್ನೇಹಿತರ ಎಡಗೈ ತಂತಿಯನ್ನು ಒತ್ತಲಾರದು. ಮಣಿಪಾಲದಲ್ಲಿ ಓದುತ್ತಿರುವ ಮಗಳು ಅದನ್ನು ನುಡಿಸುತ್ತೇನೆ ಎಂದಳು. ಆದರೆ ಆ ಕಪ್ಪು ಬಣ್ಣ ಅವಳಿಗೆ ಬೇಡ, ಒಳಗಿನ ಮರ ಕಾಣಬೇಕು. ಅಂಗಡಿಯಲ್ಲಿ ಕೊಟ್ಟರೆ ಯಂತ್ರದಿಂದ ಉಜ್ಜಿ, ಮೇಲೆ ಮತ್ತೊಂದು ಬಣ್ಣ ಸಿಂಪಡಿಸಿಯಾರು ಎಂಬ ಅಂಜಿಕೆ ತಂದೆಗೆ. ಹೀಗೆ ಅದು ನನ್ನ ಜಗಲಿಗೆ ಬಂತು.

ಕೆಲಸಕ್ಕೆ ಕೈಯಿಡುವ ಮೊದಲು ಒಂದು ಪ್ರಶ್ನೆ ಎದುರಾಗುತ್ತದೆ. ವೀಣೆಯ ನಾದ ಅದರ ಕೊಡದ ಮರದಲ್ಲಿ ಬೆಳೆಯುತ್ತದೆ; ಪಿಟೀಲಿನ ನಾದ ಅದರ ತೆಳುವಾದ ಮುಖದ ಕಂಪನದಿಂದ ಹೊರಡುತ್ತದೆ. ಅಂಥ ವಾದ್ಯದ ಮೇಲೆ ಬಳಿದ ಒಂದು ಪದರವೂ ನಾದವನ್ನು ಮುಟ್ಟುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಹಾಗಲ್ಲ. ಅದರ ಒಡಲು ಪೊಳ್ಳಿಲ್ಲದ ಮರದ ದಿಮ್ಮಿ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳಿವೆ. ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗಿ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ, ಧ್ವನಿವರ್ಧಕಕ್ಕೆ ಹೋಗಿ ನಾದವಾಗುತ್ತದೆ. ಮುಖದ ಬಣ್ಣ ಕಪ್ಪಾದರೇನು, ಕೆಂಪಾದರೇನು, ಕೇಳುವ ಕಿವಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಹಾಗಾದರೆ ಈ ಶ್ರಮ ಯಾವುದಕ್ಕೆ? ನುಡಿಸುವವನ ತೋಳು ಗಂಟೆಗಟ್ಟಲೆ ಒರಗುವುದು ಆ ಮುಖದ ಮೇಲೆ. ಕೇಳುವವರಿಗಿಂತ ನುಡಿಸುವವನಿಗೆ ಸೇರಿದ ಭಾಗ ಅದು.

ಮರಕ್ಕೆ ಒಪ್ಪವಿಡುವ ರೀತಿಗಳು ಎರಡು. ಮರವನ್ನು ಮುಚ್ಚುವುದು ಒಂದು. ಮರವನ್ನು ತೋರಿಸುವುದು ಇನ್ನೊಂದು. ನಮ್ಮ ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕಗಳು ಹಗುರವಾದ ಮರದಲ್ಲಿ ಕೊರೆದವು. ಅವುಗಳ ಮೇಲೆ ಚಿನ್ನದ ಬಣ್ಣದ ಬೇಗಡೆ ಹಚ್ಚಿದ ಮೇಲೆ ಒಳಗಿನ ಮರ ಯಾವುದೆಂದು ಯಾರೂ ಕೇಳುವುದಿಲ್ಲ. ಅದೇ ಊರಿನ ಹಳೆಯ ಮನೆಯ ಹಲಸಿನ ಕಂಬವನ್ನು ನೋಡಿ: ಎಣ್ಣೆಯೂ ಕೈಗಳೂ ಸೋಕಿ ಸೋಕಿ ಅದರ ನಾರಿನ ಗೆರೆಗಳು ವರ್ಷದಿಂದ ವರ್ಷಕ್ಕೆ ಸ್ಪಷ್ಟವಾಗಿವೆ. ಗಿಟಾರಿನ ಚರಿತ್ರೆಯಲ್ಲಿಯೂ ಇವೆರಡೂ ಇವೆ. ಅಮೆರಿಕದ ಗಿಬ್ಸನ್ ಕಂಪೆನಿ ೧೯೫೨ರಲ್ಲಿ ಲೆಸ್ ಪಾಲ್ ಎಂಬ ವಾದಕನ ಹೆಸರಿನಲ್ಲಿ ಗಿಟಾರನ್ನು ಹೊರತಂದಾಗ ಅದರ ಮೇಪಲ್ ಮರದ ಮುಖವನ್ನು ಚಿನ್ನದ ಬಣ್ಣದಿಂದ ಮುಚ್ಚಿತ್ತು. ೧೯೫೮ರಲ್ಲಿ ಅದನ್ನು ಬಿಟ್ಟು, ನಡುವೆ ಹಳದಿಯಾಗಿ ಅಂಚಿಗೆ ಕೆಂಪಾಗುವ ಪಾರದರ್ಶಕ ಬಣ್ಣಕ್ಕೆ ಬಂದಿತು. ಮುಚ್ಚುವಾಗ ಹಲಗೆ ಹೇಗಿದ್ದರೂ ನಡೆದೀತು. ತೋರಿಸುವಾಗ ಜೋಡಿಸಿದ ಎರಡು ಹಲಗೆಗಳ ಗೆರೆಗಳು ತೆರೆದ ಪುಸ್ತಕದ ಎರಡು ಪುಟಗಳಂತೆ ಒಂದಕ್ಕೊಂದು ಒಪ್ಪಬೇಕು. ಫೆಂಡರ್ ಕಂಪೆನಿ ೧೯೫೪ರಲ್ಲಿ ತಂದ ಸ್ಟ್ರಾಟೊಕಾಸ್ಟರಿಗೆ ಮುಂದೆ ಮೋಟಾರುಕಾರುಗಳಿಗೆ ಬಳಿಯುವ ಬಣ್ಣಗಳೇ ಬಂದವು. ನನ್ನ ಮುಂದಿದ್ದ ಕಪ್ಪು ಎನಾಮಲಿಗೆ ಹೀಗೆ ದೊಡ್ಡ ವಂಶಾವಳಿಯೇ ಇದೆ.

ಮನೆಯಲ್ಲಿ ಕೈಯಿಂದ ಮಾಡಿದ ಗಿಟಾರಿಗೂ ಕೀರ್ತಿವಂತ ಪೂರ್ವಜರಿದ್ದಾರೆ. ಇಂಗ್ಲೆಂಡಿನ ಬ್ರಯನ್ ಮೇ ಎಂಬ ಹುಡುಗ ೧೯೬೩ರಲ್ಲಿ, ಗಿಟಾರು ಕೊಳ್ಳಲು ಹಣವಿಲ್ಲದೆ, ತಂದೆಯೊಂದಿಗೆ ಸೇರಿ ಮನೆಯಲ್ಲಿಯೇ ಒಂದನ್ನು ಮಾಡತೊಡಗಿದ. ಅದರ ಕತ್ತು ಹಳೆಯ ಅಗ್ಗಿಷ್ಟಿಕೆಯೊಂದರ ಮಹಾಗನಿ ಚೌಕಟ್ಟಿನಿಂದ ಬಂತು. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಒಡಲಿಗೆ ಹಳೆಯ ಮೇಜಿನ ಓಕ್ ಮರವೂ ಸೇರಿತು. ಮೇಲೆ ಮಹಾಗನಿಯ ತೆಳುಹಾಳೆ ಅಂಟಿಸಿ ಒಪ್ಪವಿಟ್ಟರು. ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ಕ್ವೀನ್ ಎಂಬ ಪ್ರಸಿದ್ಧ ತಂಡದಲ್ಲಿ ಅವನು ಜೀವಮಾನವಿಡೀ ನುಡಿಸಿದ್ದು ಅದನ್ನೇ. ಆ ತಂದೆ ಮಗನ ನೆನಪು ನನಗೆ ಧೈರ್ಯ ಕೊಟ್ಟಿತು.

ಇನ್ನು ಕೆಲಸ. ತಂತಿಗಳನ್ನು ಸಡಿಲಿಸಿ ತೆಗೆದು, ಪಿಕಪ್ಪು ಗುಂಡಿಗಳನ್ನು ಬಿಚ್ಚಿ, ಯಾವ ತಂತಿ ಎಲ್ಲಿಗೆ ಬೆಸೆದಿತ್ತು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೆ. ತರುವಾಯ ಪಿಕಪ್ಪು ಕೂರುವ ಗುಳಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಮರದ ಸುದ್ದಿ ತಿಳಿಯುವುದು ಅಲ್ಲಿ. ಒಡಲು ಒಂದು ಮರ. ಮುಖದ ಮೇಲೆ ಅಂಟಿಸಿದ್ದು ಇನ್ನೊಂದು ಮರದ ಹಾಳೆ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಂಗಡಿಯ ಯಂತ್ರ ಇದನ್ನು ಒಂದು ನಿಮಿಷದಲ್ಲಿ ತಿಂದು ಮುಗಿಸಬಲ್ಲದು. ಕಾರ್ಕಳದ ಆಚಾರಿ ತುಳುವಿನಲ್ಲಿ ಹೇಳುತ್ತಿದ್ದ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಕಡಿಮೆ ತೆಗೆದರೆ ನಾಳೆ ಇನ್ನಷ್ಟು ತೆಗೆಯಬಹುದು ಮೇಷ್ಟ್ರೇ. ಹೆಚ್ಚು ತೆಗೆದರೆ ನಾಳೆ ಏನು ಮಾಡುತ್ತೀರಿ?”

ಹಳೆಯ ಬಣ್ಣದ ಜಾತಿಯನ್ನು ತಿಳಿಯಲು ಸುಲಭದ ಪರೀಕ್ಷೆಯಿದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯನ್ನು ಒತ್ತಬೇಕು. ಅಂಟಂಟಾದರೆ ಅದು ಅರಗಿನ ಪಾಲಿಶು. ಅದಕ್ಕೆ ಜಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಈಚಿನ ಪಾಲಿಯೆಸ್ಟರ್, ಪಾಲಿಯುರಿಥೇನ್ ಜಾತಿಯದು. ಇಲ್ಲಿ ಎನಾಮಲಿನ ಅಡಿಯಲ್ಲಿದ್ದದ್ದು ಲ್ಯಾಕರ್. ಬಣ್ಣ ಕೀಳಿಸುವ ರಾಸಾಯನಿಕಗಳ ಹೊಗೆ ಮನೆಯೊಳಗೆ ಒಳ್ಳೆಯದಲ್ಲ. ಆದ್ದರಿಂದ ತೆಳುವಾದ ಉಕ್ಕಿನ ಪಟ್ಟಿಯಿಂದ ಕೆರೆಯುತ್ತ ಹೋದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಮೂಗು ಬಾಯಿಗೆ ಮುಸುಕು ಬೇಕು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು.

ಆಮೇಲೆ ಉಜ್ಜುವ ಕೆಲಸ. ಮರಳುಕಾಗದಕ್ಕೆ ಸಂಖ್ಯೆಗಳಿವೆ, ಸಂಖ್ಯೆ ಏರಿದಷ್ಟೂ ನುಣುಪು. ೧೮೦ರಿಂದ ಹಿಡಿದು ೨೨೦, ೩೨೦ಕ್ಕೆ ಹೋಗಬೇಕು. ಕಾಗದವನ್ನು ಸಮತಟ್ಟಾದ ಮರದ ತುಂಡಿಗೆ ಸುತ್ತಿ, ನಾರು ಹೋದ ದಿಕ್ಕಿನಲ್ಲಿಯೇ ಕೈ ಹೋಗಬೇಕು. ಅಡ್ಡ ಉಜ್ಜಿದ ಒಂದು ಗೀರು ಆಗ ಕಾಣುವುದಿಲ್ಲ, ಪಾಲಿಶು ಬಿದ್ದ ಮೇಲೆ ಎದ್ದು ಕೂರುತ್ತದೆ. ಮರಳುಕಾಗದ ಬರುವ ಮೊದಲು ನಮ್ಮ ಮಲೆಯ ಬಡಗಿಗಳು ಗರಗತ್ತಿ ಎಂಬ ಮರದ ಎಲೆಯಿಂದ ಉಜ್ಜುತ್ತಿದ್ದರು. ಅತ್ತಿಯ ಕುಲಕ್ಕೆ ಸೇರಿದ ಆ ಮರದ ಎಲೆ ಬೆಕ್ಕಿನ ನಾಲಗೆಯಂತೆ ಒರಟು. ಚನ್ನಪಟ್ಟಣದ ಗೊಂಬೆ ಮಾಡುವವರು ಹಾಲೆಮರದ ಮೇಲೆ ಅರಗಿನ ಬಣ್ಣ ಹತ್ತಿಸಿದ ಮೇಲೆ ಹೊಳಪು ತರುವುದು ಕೇದಗೆಯ ಜಾತಿಯ ಗರಿಯಿಂದ. ಎಲೆಯಿಂದ ಮರಕ್ಕೆ ಒಪ್ಪ ಬರುವುದು ಎಷ್ಟು ಸಹಜವಾಗಿದೆ! ಕೊನೆಯ ಸುತ್ತಿಗೆ ನಾನೂ ಗರಗತ್ತಿಯ ಎಲೆಗಳನ್ನು ತರಿಸಿ ಉಜ್ಜಿದೆ. ಯಂತ್ರಕ್ಕೆ ತಿಳಿಯದ ಒಂದು ವಿಷಯ ಆಗ ಕೈಗೆ ತಿಳಿಯುತ್ತದೆ. ಒರಟು ಇರುವಲ್ಲಿ ಎಲೆ ಸದ್ದು ಮಾಡುತ್ತದೆ. ನಯವಾದಲ್ಲಿ ಸದ್ದು ಅಡಗುತ್ತದೆ.

ಲೇಪನಕ್ಕೆ ನಾನು ಆರಿಸಿದ್ದು ಅರಗು. ಪಾಂಡವರಿಗಾಗಿ ಕಟ್ಟಿಸಿದ ಅರಗಿನ ಮನೆಯಿಂದ ನಮಗೆಲ್ಲ ಪರಿಚಿತವಾದ ವಸ್ತು ಅದು. ಕೊಂಬೆಗಳ ಮೇಲೆ ಬದುಕುವ ಒಂದು ಸಣ್ಣ ಕೀಟ ಸ್ರವಿಸಿದ್ದನ್ನು ಶೋಧಿಸಿ ಹಳುಕುಗಳನ್ನಾಗಿ ಮಾಡುತ್ತಾರೆ. ಉಡುಪಿಯ ಪೇಟೆಯಿಂದ ತಂದ ೧೨೦ ಗ್ರಾಮು ಹಳುಕನ್ನು ಅರ್ಧ ಲೀಟರು ಸ್ಪಿರಿಟಿನಲ್ಲಿ ರಾತ್ರಿಯಿಡೀ ನೆನೆಸಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿದರೆ ಜೇನಿನ ಬಣ್ಣದ ದ್ರವ ಸಿದ್ಧ. ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ, ಅದ್ದಿ, ತಳಕ್ಕೆ ಒಂದು ತೊಟ್ಟು ಎಣ್ಣೆ ಸವರಿ, ಸುತ್ತು ಸುತ್ತಾಗಿ ಹಚ್ಚಬೇಕು. ಕೈ ನಡುವೆ ಎಲ್ಲಿಯೂ ನಿಲ್ಲಬಾರದು. ನಿಂತರೆ ಉಂಡೆ ಅಂಟಿಕೊಂಡು ಕೆಳಗಿನ ಪದರ ಕಿತ್ತುಬರುತ್ತದೆ. ಅರಗಿನ ಗುಣವೆಂದರೆ ಹೊಸ ಪದರ ಹಳೆಯ ಪದರವನ್ನು ತುಸು ಕರಗಿಸಿ ಅದರೊಡನೆ ಒಂದಾಗುತ್ತದೆ. ಹದಿನೈದು ಸಲ ಹಚ್ಚಿದರೂ ಕೊನೆಗೆ ಉಳಿಯುವುದು ಒಂದೇ ಪದರ. ನಾಳೆ ಗೀರು ಬಿದ್ದರೆ ಅಲ್ಲಿಗಷ್ಟೇ ಹಚ್ಚಿ ಸರಿಪಡಿಸಬಹುದು. ದೋಷವೂ ಇದೆ: ಬಿಸಿಗೆ, ಸ್ಪಿರಿಟಿಗೆ, ಬಹುಕಾಲದ ಬೆವರಿಗೆ ಅದು ಮೆತ್ತಗಾಗುತ್ತದೆ. ಆದ್ದರಿಂದ ಮೇಲೆ ತೆಳುವಾಗಿ ಜೇನುಮೇಣ ತಿಕ್ಕುವುದು ಒಳ್ಳೆಯದು. ಅರಗಿನ ಬದಲು ಅಗಸೆ ಎಣ್ಣೆ ಬಳಸುವವರು ಒಂದು ಎಚ್ಚರಿಕೆ ಮರೆಯಬಾರದು. ಎಣ್ಣೆಯ ಚಿಂದಿಗಳನ್ನು ಮುದ್ದೆ ಮಾಡಿ ಎಸೆದರೆ ಅವು ತಾವಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲವು. ಬಿಡಿಸಿ ಹರಡಿ ಒಣಗಿಸಬೇಕು.

ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಕಾಲವನ್ನೂ ನೋಡಬೇಕು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುವ ಜಿಲ್ಲೆ ನಮ್ಮದು. ಸ್ಪಿರಿಟು ಆರುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ, ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ, ಅದು ಅಲ್ಲಿ ಹನಿಗಟ್ಟಿ ಪಾಲಿಶಿನಲ್ಲಿ ಬಿಳಿಯ ಮಬ್ಬಾಗಿ ಸಿಕ್ಕಿಕೊಳ್ಳುತ್ತದೆ. ಆಟಿಯ ತಿಂಗಳಲ್ಲಿ ಪಾಲಿಶು ಮಾಡಿದ ಕುರ್ಚಿ ಬೂದಿ ಬಳಿದಂತೆ ಕಾಣುವುದು ಇದರಿಂದಲೇ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ದಿನಗಳಲ್ಲಿ, ಬೆಳಗಿನ ಮಂಜು ಆರಿದ ಮೇಲೆ, ನೆರಳಿನಲ್ಲಿ ಹಚ್ಚಿದರೆ ಈ ಬಾಧೆಯಿಲ್ಲ.

ಆದರೆ ಲೇಪನದ ಹಂತಕ್ಕೆ ಬರುವ ಮೊದಲೇ, ಕಪ್ಪು ಬಣ್ಣ ಕೆರೆದು ಮುಗಿದ ದಿನ, ಗಿಟಾರಿನ ಮುಖದ ಮೇಲ್ಭಾಗದಲ್ಲಿ ಅಂಗೈ ಅಗಲದ ಒಂದು ಕಂದು ಗುರುತು ಹೊರಬಿದ್ದಿತ್ತು. ಸುತ್ತಲಿನ ಮರ ತಿಳಿಯಾದ ಬಣ್ಣದ್ದು. ಅಲ್ಲಿ ಮಾತ್ರ ಬೆಲ್ಲದ ಬಣ್ಣ, ತುಸು ತಗ್ಗು. ಸ್ನೇಹಿತರ ಬಲತೋಳು ಒರಗಿ ಒರಗಿ ಮೂಲದ ಲ್ಯಾಕರು ಸವೆದು, ಬರಿಯ ಮರಕ್ಕೆ ಬೆವರು ಇಳಿದ ಜಾಗ ಅದು. ಮಗಳು ನೋಡಿ, “ಸರ್, ಇದು ಹೋಗುವುದಿಲ್ಲವೆ?” ಎಂದು ಕೇಳಿದಳು.

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಒಂದೇ ಉತ್ತರವಿಲ್ಲ. ದೇವರಿಗೆ, ದೈವಕ್ಕೆ ಸೇರಿದ ವಸ್ತು ಸವೆದರೆ ಜೀರ್ಣೋದ್ಧಾರ ಮಾಡುತ್ತೇವೆ. ಶಿರಿಯಾರದ ಬಳಿಯ ಮೆಕ್ಕೆಕಟ್ಟಿನಲ್ಲಿ ಬಣ್ಣ ಹಚ್ಚಿದ ಮರದ ದೊಡ್ಡ ದೈವಮೂರ್ತಿಗಳಿವೆ. ಅಲ್ಲಿನ ಹಳೆಯ ಮೂರ್ತಿಗಳ ಜಾಗಕ್ಕೆ ಹೊಸವು ಬಂದವು. ಹಳೆಯವನ್ನು ಇಂದು ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿ ನೋಡಬಹುದು. ಆರಾಧನೆಯಲ್ಲಿರುವ ಮೂರ್ತಿ ಪೂರ್ಣವಾಗಿರಬೇಕು. ಸವೆದ ಮೂರ್ತಿ ನೋಡುವವರದಾಗುತ್ತದೆ. ಮಣಿಪಾಲದ ವಿಜಯನಾಥ ಶೆಣೈ ಅವರು ೨೦೧೭ರಲ್ಲಿ ತೀರಿಕೊಳ್ಳುವವರೆಗೂ ಹಿಡಿದ ದಾರಿ ಬೇರೆ. ಕೆಡವಿ ಮಾರಿಬಿಡಲಿದ್ದ ಹಳೆಯ ಮನೆಗಳ ಕಂಬ ತೊಲೆಗಳನ್ನು ಬಿಚ್ಚಿ ತಂದು, ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಅಂಥ ಮನೆಯ ಹೊಸ್ತಿಲಿನಲ್ಲಿ ಕಾಲುಗಳು ಸವೆಸಿದ ತಗ್ಗನ್ನು ತುಂಬಿಬಿಟ್ಟರೆ ಆ ಮನೆಯನ್ನು ಉಳಿಸಿ ಫಲವೇನು?

ಹೊರಗಿನ ಲೋಕದಲ್ಲಿಯೂ ಇದೇ ಚರ್ಚೆಯಿದೆ. ಐರ್ಲೆಂಡಿನ ರೋರಿ ಗ್ಯಾಲಗರ್ ೧೯೬೩ರಲ್ಲಿ ಕೊಂಡ ೧೯೬೧ರ ಸ್ಟ್ರಾಟೊಕಾಸ್ಟರಿನ ಬಣ್ಣ ಅವನ ಬೆವರಿಗೆ ಬಹುಪಾಲು ಉದುರಿಹೋಗಿತ್ತು. ಅವನು ಅದಕ್ಕೆ ಮತ್ತೆ ಬಣ್ಣ ಬಳಿಸಲಿಲ್ಲ. ೨೦೨೪ರಲ್ಲಿ ಲಂಡನ್ನಿನಲ್ಲಿ ಹರಾಜಾದಾಗ ಎಂಟು ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಹೋಗಿ, ಐರ್ಲೆಂಡಿನ ರಾಷ್ಟ್ರೀಯ ವಸ್ತು ಸಂಗ್ರಹಾಲಯಕ್ಕೆ ಸೇರಿತು. ಇದರ ಮಗ್ಗುಲಿಗೇ ಒಂದು ವಿನೋದವೂ ಇದೆ. ೧೯೯೦ರ ದಶಕದಿಂದ ಈಚೆಗೆ ಕಾರಖಾನೆಗಳು ಹೊಸ ಗಿಟಾರಿನ ಬಣ್ಣವನ್ನು ಬೇಕೆಂದೇ ಕೆರೆದು, ಸವೆದಂತೆ ಮಾಡಿ, ಹೆಚ್ಚಿನ ಬೆಲೆಗೆ ಮಾರುತ್ತಿವೆ. ಬಾಳದ ಬಾಳಿನ ಗುರುತನ್ನು ಹಣ ಕೊಟ್ಟು ತರುವ ಕಾಲದಲ್ಲಿ, ನಿಜವಾಗಿ ಬಾಳಿದ ಗುರುತೊಂದು ನನ್ನ ಜಗಲಿಯ ಮೇಲಿತ್ತು.

ನಾನು ಆ ಹುಡುಗಿಗೆ ಉಪದೇಶ ಮಾಡಲಿಲ್ಲ. ಗುಳಿಯ ಅಂಚಿನಲ್ಲಿ ಮರದ ಹಾಳೆಯ ದಪ್ಪವನ್ನು ತೋರಿಸಿದೆ. ಬೆವರು ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ತೆಗೆದರೆ ಅಲ್ಲಿ ಹಾಳೆಯೇ ಉಳಿಯಲಾರದು. ಬಣ್ಣ ಬಳಿದು ಮುಚ್ಚುವುದಾದರೆ ಮಾತ್ರ ಗುರುತು ಕಾಣದಂತೆ ಮಾಡಬಹುದು, ಎಂದೆ. ಅವಳು ಆ ದಿನ ಏನೂ ಹೇಳದೆ ಹೋದಳು. ಮುಂದಿನ ಭಾನುವಾರ ತಂದೆಯನ್ನು ಕರೆದುಕೊಂಡು ಬಂದಳು. ಅವರು ಕುರ್ಚಿಯಲ್ಲಿ ಕುಳಿತರು. ತಂತಿಯಿಲ್ಲದ ಗಿಟಾರನ್ನು ಅವಳು ಅವರ ತೊಡೆಯ ಮೇಲಿಟ್ಟಳು. ಅವರ ಬಲತೋಳು ತಾನಾಗಿ ಎದ್ದು ಆ ಗುರುತಿನ ಮೇಲೆ ಹೋಗಿ ಕೂತಿತು. ಅಂಗುಲ ಆಚೆಗಿಲ್ಲ, ಈಚೆಗಿಲ್ಲ. “ಇದು ಇರಲಿ ಸರ್,” ಎಂದು ಅವಳು ಹೇಳಿದಳು. ತಂದೆ ಆ ಕುರಿತು ಮಾತಾಡಲಿಲ್ಲ. ಪಾಲಿಶು ಒಣಗಲು ಎಷ್ಟು ದಿನ ಬೇಕು ಎಂದು ಮಾತ್ರ ಕೇಳಿದರು.

ಹಾಗೆ ಆ ಗುರುತಿನ ಮೇಲೆಯೂ ಸುತ್ತಲಿನ ತಿಳಿಯ ಮರದ ಮೇಲೆಯೂ ಒಂದೇ ಸಮನಾಗಿ ಅರಗು ಬಿತ್ತು. ಹದಿನೈದು ದಿನ ಹಚ್ಚಿ, ಮೂರು ವಾರ ಆರಲು ಬಿಟ್ಟು, ಮೇಣ ತಿಕ್ಕಿದ ಮೇಲೆ ನೋಡಿದರೆ ಅದು ಕಲೆಯಂತೆ ಕಾಣಲಿಲ್ಲ. ಮರದ ಗೆರೆಗಳು ಅದರೊಳಗೆ ಹೊಕ್ಕು ಆಚೆ ಹೊರಟಿದ್ದವು. ಒಪ್ಪ, ಒಪ್ಪು ಎಂಬ ಆ ಎರಡು ಮಾತುಗಳು ಕೂಡುವ ಜಾಗ ಇದಿರಬೇಕು ಎಂದು ನನಗೆ ಅನ್ನಿಸಿತು. ಮರದಲ್ಲಿ ಏನಿದೆಯೋ ಅದಕ್ಕೆ ಕೈ ಒಪ್ಪಿದ ಮೇಲೆ ಬಂದ ಹೊಳಪು ಅದು.

ಈಗ ಅವಳು ಆ ಗಿಟಾರನ್ನು ನುಡಿಸುತ್ತಾಳೆ. ಹುಡುಗಿ ತಂದೆಗಿಂತ ಗಿಡ್ಡ. ಅವಳ ತೋಳು ಆ ಗುರುತಿನ ಮೇಲೆ ಬೀಳುವುದಿಲ್ಲ, ಅದರಿಂದ ಎರಡು ಬೆರಳಿನಷ್ಟು ಈಚೆಗೆ ಬೀಳುತ್ತದೆ. ಅಲ್ಲಿ ಅರಗು ಇನ್ನೂ ಹೊಸದಾಗಿ ಹೊಳೆಯುತ್ತಿದೆ. ಅದು ಸವೆಯಲು ಬಹಳ ವರ್ಷ ಬೇಕು.